ಎರಡನೆಯ ಗೇರಿನ ಗುಟ್ಟು

ಮನೆಯಲ್ಲಿ ಏನಾದರೊಂದು ಕೆಟ್ಟಿದ್ದು, ಅದನ್ನು ನಡೆಸುವ ಉಪಾಯ ನಮಗೊಬ್ಬರಿಗೇ ಗೊತ್ತಿದ್ದರೆ, ನಾವು ಅದನ್ನು ರಿಪೇರಿ ಮಾಡಿಸುವುದಿಲ್ಲ. ಪುರುಸೊತ್ತಿಲ್ಲ ಎನ್ನುತ್ತೇವೆ, ಒಳ್ಳೆಯ ಮೆಕ್ಯಾನಿಕ್ ಎಲ್ಲಿ ಸಿಗುತ್ತಾನೆ ಎನ್ನುತ್ತೇವೆ. ನಿಜವಾದ ಕಾರಣವನ್ನು ಮಾತ್ರ ಯಾರಿಗೂ ಹೇಳುವುದಿಲ್ಲ. ನಾನೂ ಏಳು ವರ್ಷ ಹೇಳಿರಲಿಲ್ಲ. ಈಗ ಬಾಯಿಬಿಟ್ಟರೆ ಕಳೆದುಕೊಳ್ಳುವಂಥದ್ದು ಏನೂ ಉಳಿದಿಲ್ಲ, ಹಾಗಾಗಿ ಹೇಳುತ್ತಿದ್ದೇನೆ.

ಧಾರವಾಡದಿಂದ ನೌಕರಿ ಅರಸಿ ಬಂದು ಬರೋಡಾದ ಗೋರ್ವಾದಲ್ಲಿ ಒಂದು ಕಾರ್ಖಾನೆ ಸೇರಿದವನು ನಾನು. ಬಂದು ಬಹಳ ವರ್ಷಗಳಾದ ಮೇಲೆ ನಿವೃತ್ತ ಪಾರ್ಸಿ ಸಾಹೇಬರೊಬ್ಬರಿಂದ ಒಂದು ಹಳೆಯ ಕಾರು ಕೊಂಡೆ. ಗೇರಿನ ಹಿಡಿಕೆ ಸ್ಟೀರಿಂಗಿನ ಪಕ್ಕದಲ್ಲೇ ಚಾಚಿಕೊಂಡಿರುವ ಕಾಲದ ಕಾರು. ಆ ಹಿಡಿಕೆಯಿಂದ ಗೇರ್‌ಬಾಕ್ಸಿನ ತನಕ ಎರಡು ಮೂರು ಸರಳುಗಳು, ಅವುಗಳ ಕೀಲುಗಳಲ್ಲಿ ಬುಷ್ ಎಂಬ ಪುಟ್ಟ ಬಳೆಗಳು. ಬುಷ್ ಸವೆದರೆ ಹಿಡಿಕೆ ಒಂದು ಹೇಳುತ್ತದೆ, ಗೇರ್‌ಬಾಕ್ಸ್ ಇನ್ನೊಂದು ಕೇಳಿಸಿಕೊಳ್ಳುತ್ತದೆ. ನಮ್ಮ ಕಾರಿನಲ್ಲಿ ಅವು ಸವೆದು ಹೆಸರಿಗಷ್ಟೇ ಉಳಿದಿದ್ದವು. ಎರಡನೆಯ ಗೇರು ಬೀಳಬೇಕಾದರೆ ಹಿಡಿಕೆಯನ್ನು ಎದೆಯ ಕಡೆಗೆ ಎಳೆದು, ಒಂದು ಉಸಿರಿನಷ್ಟು ಹೊತ್ತು ಕಾದು, ಮೊಣಕೈ ಎತ್ತಿ, ಆಮೇಲೆ ತಾನಾಗಿ ಬೀಳಲು ಬಿಡಬೇಕು. ಒತ್ತಾಯ ಮಾಡಿದರೆ ಕೆಟ್ಟಿತು. ನಡುದಾರಿಯಲ್ಲಿ ಸಿಕ್ಕಿಕೊಂಡರೆ ಇಳಿದು, ಬಾನೆಟ್ ಎತ್ತಿ, ಸರಳಿಗೆ ಸ್ಪ್ಯಾನರಿನಿಂದ ಮೆಲ್ಲಗೆ ಒಂದು ತಟ್ಟು. ಹಿಂದೆ ಅರ್ಧ ಬರೋಡಾ ಹಾರ್ನ್ ಹೊಡೆಯುತ್ತಿರುತ್ತಿತ್ತು. ನನಗೆ ಅದು ಚಪ್ಪಾಳೆಯಂತೆ ಕೇಳಿಸುತ್ತಿತ್ತು.

ಸೂರತ್‌ನ ವರಾಛಾದಲ್ಲಿ ಹೋಟೆಲು ನಡೆಸುವ ಕುಂದಾಪುರದ ಗೆಳೆಯನೊಬ್ಬ ನಮ್ಮಲ್ಲಿಗೆ ಬಂದಿದ್ದಾಗ ಹಾಲು ತರುತ್ತೇನೆಂದು ಈ ಕಾರನ್ನು ಹೊರಡಿಸಿ, ಮುಂದೆ ಹೋಗುವ ಬದಲು ಹಿಂದೆ ಹೋಗಿ ಪಕ್ಕದ ಮನೆಯ ತುಳಸಿಯ ಕುಂಡ ಒಡೆದ. ಇಳಿದು ಬಂದು ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, "ಇದ್ ಕಾರಲ್ಲ ಮಾರಾಯ, ನಿನ್ ಸ್ವಭಾವ" ಎಂದ. ಅದನ್ನೂ ನಾನು ಹೊಗಳಿಕೆಯೆಂದೇ ತೆಗೆದುಕೊಂಡೆ.

ಕಾರ್ಖಾನೆಯಲ್ಲೂ ನನ್ನದು ಇದೇ ಕಥೆ. ಅಲ್ಲೊಂದು ಮುದಿ ಪ್ರೆಸ್ ಮಷಿನ್ ಇತ್ತು. ಅದು ಮುನಿಸಿಕೊಂಡರೆ ಭಾನುವಾರವೂ ನನಗೇ ಫೋನು. ಹೆಂಡತಿ ವಿಮಲಾ ಬಡಿಸಿದ ಊಟ ಬಿಟ್ಟು, ಬೈದುಕೊಳ್ಳುತ್ತ, ಒಳಗೊಳಗೇ ಬೀಗುತ್ತ ಓಡುತ್ತಿದ್ದೆ. ಆಮೇಲೆ ಪರದೆ ನೋಡಿ ಗುಂಡಿ ಒತ್ತುವ ಹೊಸ ಮಷಿನ್ ಬಂತು. ಅದು ಯಾರೊಂದಿಗೂ ಮುನಿಸಿಕೊಳ್ಳುವುದಿಲ್ಲ. ಭಾನುವಾರದ ಫೋನು ನಿಂತಿತು. ಸ್ವಲ್ಪ ದಿನಕ್ಕೆ ನೋಟಿಸ್ ಬೋರ್ಡಿನಲ್ಲಿ ಸ್ವಯಂ ನಿವೃತ್ತಿಯ ಯೋಜನೆ ಅಂಟಿಸಿದರು, ನನ್ನ ಮೇಜಿನ ಮೇಲೆ ಅದರ ಅರ್ಜಿಯನ್ನೂ ಇಟ್ಟರು. ಜಗತ್ತಿನಲ್ಲಿ ನಾನೇ ಬೇಕು ಎನ್ನುವಂಥದ್ದು ಇನ್ನು ಉಳಿದದ್ದು ಆ ಎರಡನೆಯ ಗೇರು ಒಂದೇ.

ವಿಮಲಾ ಡ್ರೈವಿಂಗ್ ಶಾಲೆಗೆ ಹೋಗಿ ಲೈಸೆನ್ಸ್ ತಂದು ಎರಡು ವರ್ಷವಾಗಿತ್ತು. "ಆ ಎರಡನೇ ಗೇರು ಹಾಕೂದು ನನಗೂ ಒಂದೀಟು ಕಲಸ್ರಿ, ಇಲ್ಲಾ ರಿಪೇರಿ ಮಾಡಸ್ರಿ" ಎನ್ನುತ್ತಿದ್ದಳು. "ಅದು ಕಲಿಸಿದ್ರ ಬರೂವಂಥಾದ್ದಲ್ಲ" ಎಂದು ನಾನು ದೊಡ್ಡ ಗವಾಯಿಯ ಗತ್ತಿನಲ್ಲಿ ಹೇಳುತ್ತಿದ್ದೆ.

ಒಂದು ಮಧ್ಯಾಹ್ನ ಮಗಳು ರಶ್ಮಿಗೆ ಉಬ್ಬಸ ಜೋರಾಯಿತು. ನಾನು ಕಾರ್ಖಾನೆಯಲ್ಲಿದ್ದೆ, ನಡೆದೇ ಹೋಗಿದ್ದೆ, ಕಾರು ಮನೆಯ ಮುಂದೆಯೇ ಇತ್ತು. ವಿಮಲಾ ಅವಳನ್ನು ಹಿಂದಿನ ಸೀಟಿನಲ್ಲಿ ಮಲಗಿಸಿ ಹೊರಟಿದ್ದಾಳೆ. ನಮ್ಮ ವಸತಿ ಸೊಸೈಟಿಯ ಗೇಟು ದಾಟುವಷ್ಟರಲ್ಲಿ ಹಿಡಿಕೆ ಸಿಕ್ಕಿಕೊಂಡು ಅಲ್ಲಾಡಲೇ ಇಲ್ಲ. ಕೊನೆಗೆ ಮಗಳನ್ನು ಎತ್ತಿಕೊಂಡು ಮುಖ್ಯರಸ್ತೆಯ ತನಕ ಓಡಿ ರಿಕ್ಷಾ ಹಿಡಿದಳು. ಆಸ್ಪತ್ರೆಯಲ್ಲಿ ಮಗು ಚೇತರಿಸಿಕೊಂಡಿತು. ಸಂಜೆ ನಾನು ಹೋದಾಗ ವಿಮಲಾ ಮಗಳ ಹೊದಿಕೆ ಸರಿಮಾಡುತ್ತಿದ್ದಳು. ಕನ್ನಡಕ್ಕಿಂತ ಹಿಂದಿಯೇ ಸಲೀಸಾದ ಮಗಳು, "ಪಪ್ಪಾ, ಮಮ್ಮಿ ಗಾಡಿ ಮೇ ರೋ ರಹೀ ಥೀ" ಎಂದಳು. ಹಿಡಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅತ್ತಿದ್ದಳಂತೆ. ನನ್ನ ದೊಡ್ಡಸ್ತಿಕೆಗೆ ನನ್ನ ಮಗಳ ಉಸಿರು ಅಡವಿಟ್ಟಿದ್ದೆನಲ್ಲ ಎಂದು ಆಸ್ಪತ್ರೆಯ ವರಾಂಡದಲ್ಲಿ ನಿಂತು ನನ್ನ ಮೇಲೆ ನನಗೇ ಹೇಸಿಕೆಯಾಯಿತು.

ಮರುದಿನವೇ ಸ್ಟೇಷನ್ನಿನ ಹಿಂದಿನ ಕನುಭಾಯಿ ಎಂಬ ಮುದುಕ ಮೆಕ್ಯಾನಿಕ್ ಬಳಿಗೆ ಹೋದೆವು. ಅವರು ಬಾನೆಟ್ಟಿನೊಳಗೆ ಕೈಹಾಕಿ ಒಂದೊಂದಾಗಿ ಹೊರಗೆ ತೆಗೆದರು: ತಾಮ್ರದ ತಂತಿ, ಸೈಕಲ್ ಟ್ಯೂಬಿನ ತುಂಡು, ಹವಾಯಿ ಚಪ್ಪಲಿಯ ರಬ್ಬರು. ಏಳು ವರ್ಷದ ನನ್ನ ಸಂಶೋಧನೆ ಒಂದು ಹಳೇ ಪೇಪರಿನ ಮೇಲೆ ಕುಳಿತಿತ್ತು. "ಆ ಕಯಾ ಗಧೇಡಾಏ ಕರ್ಯುಂ?" ಎಂದರು. ಯಾವ ಕತ್ತೆಯ ಕೆಲಸ ಇದು ಎಂದು. "ಸೂರತ್‌ನಲ್ಲಿ ಯಾರೋ ಮಾಡಿದ್ದು" ಎಂದೆ. ಹುಟ್ಟದೇ ಇರುವ ಆ ಸೂರತ್‌ನ ಮನುಷ್ಯನ ಕ್ಷಮೆ ಕೇಳುತ್ತೇನೆ. ಚಪ್ಪಲಿಯ ರಬ್ಬರು ನಮ್ಮ ಮನೆಯದೇ ಎಂದು ಗುರುತು ಸಿಕ್ಕ ವಿಮಲಾ ಆಚೆ ಕಡೆ ನೋಡುತ್ತ ನಿಂತಿದ್ದಳು.

ಕನುಭಾಯಿ ಲೇತಿನಲ್ಲಿ ಹಿತ್ತಾಳೆಯ ಬುಷ್ ಕಡೆಸಿ ತಂದು, ಗ್ರೀಸ್ ಹಚ್ಚಿ ಕೂಡಿಸಿದರು. ಒಂದೂವರೆ ಗಂಟೆಯ ಕೆಲಸ. ವಾಪಸು ಬರುವಾಗ ನಾನೇ ಕೂತೆ. ಕಾರು ಸರಿಯಾಗಿತ್ತು, ನನ್ನ ಕೈ ಸರಿಯಾಗಿರಲಿಲ್ಲ. ಎದೆಗೆ ಎಳೆಯುವುದು, ಉಸಿರು ಹಿಡಿಯುವುದು, ಮೊಣಕೈ ಎತ್ತುವುದು, ಎಲ್ಲ ರೂಢಿಯಂತೆ ಮಾಡಿದೆ. ಯಾವುದೋ ಗೇರು ಬಿತ್ತು, ಇಂಜಿನ್ ನಿಂತಿತು. ಒಂದೇ ಸರ್ಕಲ್ಲಿನಲ್ಲಿ ಮೂರು ಸಲ. ಹಾರ್ನುಗಳು ಅಂದು ಬರೀ ಹಾರ್ನುಗಳಂತೆಯೇ ಕೇಳಿಸಿದವು.

"ಬಿಡ್ರಿ, ನೀವು ಈ ಕಡೆ ಬರ್ರಿ" ಎಂದಳು ವಿಮಲಾ. ಜಾಗ ಬದಲಾಯಿಸಿದೆವು. ಎರಡನೆಯ ಗೇರು ಸದ್ದಿಲ್ಲದೆ ಬಿತ್ತು. ನಾನು ಕಿಟಕಿಯಿಂದ ಹೊರಗೆ ಅಂಗಡಿಗಳ ಬೋರ್ಡುಗಳನ್ನು ಓದುತ್ತ ಕೂತೆ. ಆ ವಾರವೇ ಕಾರ್ಖಾನೆಯ ಅರ್ಜಿಗೂ ಸಹಿ ಹಾಕಿದೆ.

ಮನೆಯಲ್ಲಿ ಕೂತ ಮೇಲೆ ದಿನಗಳು ಬಹಳ ಉದ್ದವಾದವು. ಒಂದು ಭಾನುವಾರ ವಿಮಲಾ, "ತರಕಾರಿ ತರೂದೈತಿ, ನೀವೂ ಬರ್ರಿ. ಬಾಜೂಕ ನೀವಿದ್ರ ನನಗ ಧೈರ್ಯ" ಎಂದಳು. ಗೇಟಿನ ಹತ್ತಿರ ಕಾರು ಗಕ್ಕನೆ ನಿಂತಿತು. "ಏನಾತ್ ನೋಡ್ರಿ ಇದಕ್ಕ" ಎಂದಳು. "ಕ್ಲಚ್ ಲಗೂನ ಬಿಟ್ಟಿ" ಎಂದೆ. ಎಷ್ಟೋ ದಿನಗಳ ಮೇಲೆ ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿಸಿತು. ಮುಂದಿನ ಭಾನುವಾರವೂ ಅದೇ ಜಾಗದಲ್ಲಿ ನಿಂತಿತು, ಅದರ ಮುಂದಿನದೂ. ಪಾಪ, ಇವಳಿಗೆ ಇನ್ನೂ ಪೂರ್ತಿ ಬಂದಿಲ್ಲ ಎಂದುಕೊಂಡು ನೆಮ್ಮದಿಯಾಗಿ ಮಲಗುತ್ತಿದ್ದೆ.

ಒಂದು ಮಂಗಳವಾರ ಬೆಳಿಗ್ಗೆ ಅವಳು ರಶ್ಮಿಯನ್ನು ಶಾಲೆಗೆ ಬಿಡಲು ಹೊರಟಾಗ ನಾನು ಬಾಲ್ಕನಿಯಲ್ಲಿದ್ದೆ. ಅವಳಿಗದು ಗೊತ್ತಿರಲಿಲ್ಲ. ಎರಡು ಸ್ಕೂಟರುಗಳ ನಡುವಿನ ಇಕ್ಕಟ್ಟಿನಲ್ಲಿ ಕಾರನ್ನು ಹಿಂದಕ್ಕೆ ತೆಗೆದು, ತಿರುಗಿಸಿ, ಗೇಟು ದಾಟಿ, ತಿರುವಿನಲ್ಲಿ ಗೇರು ಬದಲಿಸಿ ಹೋಗಿಯೇಬಿಟ್ಟಳು. ಕಾರು ಒಂದು ಕಡೆಯೂ ನಿಲ್ಲಲಿಲ್ಲ.

ಭಾನುವಾರ ಗೇಟಿನ ಹತ್ತಿರ ಕಾರು ಮತ್ತೆ ಗಕ್ಕನೆ ನಿಂತಿತು. "ಏನಾತ್ ನೋಡ್ರಿ ಇದಕ್ಕ" ಎಂದಳು, ಮುಂದಿನ ಗಾಜನ್ನೇ ನೋಡುತ್ತ. "ಕ್ಲಚ್ ಲಗೂನ ಬಿಟ್ಟಿ," ಎಂದೆ, "ಕಲಿಯೂದು ನಿಂದು ಇನ್ನೂ ಭಾಳ ಐತಿ." "ಹೌದಲ್ರಿ" ಎಂದಳು. ವಾರಕ್ಕೊಮ್ಮೆ ಅವಳಿಂದ ಮೋಸಹೋಗುವುದು ಈಗ ನನ್ನ ನೌಕರಿ. ಇದುವರೆಗೆ ಒಂದು ದಿನವೂ ರಜೆ ಹಾಕಿಲ್ಲ.