ಟವೆಲ್ಲಿನ ಕೆಳಗಿನ ಗಣಿತ

ನಿವೃತ್ತಿಯಾದ ಮೇಲೆ ಹೊತ್ತೇ ಹೋಗುವುದಿಲ್ಲ ಎಂದು ಗೋಳಾಡುವವರು ನನ್ನ ಹಾಗೆ ಒಂದು ಟ್ಯಾಬ್ ಹಿಡಿದು ಗಣಿತ ಹೇಳಿಕೊಡಲು ಕೂರಬೇಕು. ಏನಾದರೊಂದು ಆಗದ ದಿನವೇ ಇಲ್ಲ!

ಆದವಾನಿಯ ಕಾಲೇಜಿನಲ್ಲಿ ಮೂವತ್ತು ವರ್ಷ ಸೀಮೆಸುಣ್ಣ ಸವೆಸಿ ಆಲೂರಿಗೆ ಬಂದು ಕೂತವನಿಗೆ ಮಗಳು ತನ್ನ ಹಳೆಯ ಟ್ಯಾಬ್ ಕೊಟ್ಟಳು. ಅದೇ ವಾರ ನಮ್ಮ ಓಣಿಯ ಕುರಿ ವ್ಯಾಪಾರಿ ತನ್ನ ದೊಡ್ಡ ಮಗಳನ್ನು ಕರಕೊಂಡು ಬಂದ. ಹತ್ತನೇ ಕ್ಲಾಸು, ಕನ್ನಡ ಮೀಡಿಯಂ, ಶಾಲೆಯ ಪರೀಕ್ಷೆಯಲ್ಲಿ ಗಣಿತಕ್ಕೆ ಹನ್ನೊಂದು ಅಂಕ.

"ಸಾರ್, ದೊಡ್ಡ ಪರೀಕ್ಷಿಯೊಳಗ ಮೂವತ್ತೈದು ಬಂದ್ರ ಆದವಾನಿ ಕಾಲೇಜಿಗೆ ಕಳಿಸ್ತೀನಿ. ಬರಲಿಲ್ಲಾ, ಕುರಿ ಹಿಂದ ಹೋಗ್ತಾಳ" ಅಂದ.

"ಕುರಿ ಎಣಿಸಾಕ ಬರ್ತೈತಿ ಸಾರ್" ಅಂದಳು ಹುಡುಗಿ. "ನಡುವ ಎಕ್ಸ್ ಬಂದ್ರ ಎಣಿಕಿ ತಪ್ತೈತಿ."

ಒಂದೇ ಸಲ ಒರೆಸಿದ್ದಕ್ಕೆ

ನಮ್ಮದು ಗಡಿಯಾಚೆಯ ತೆಲುಗು ಸೀಮೆ, ಸಿಕ್ಕ ಪ್ರಶ್ನೆಪತ್ರಿಕೆಗಳೆಲ್ಲ ತೆಲುಗಿನವು. ಅವನ್ನು ಟ್ಯಾಬಿನಲ್ಲಿ ತೆರೆದು, ಅದರ ಪೆನ್ನಿನಿಂದ ಮೇಲೆಯೇ ಕನ್ನಡ ಬರೆದು, ಇದ್ದ ಅಂಕಿ ಅಳಿಸಿ ಬೇರೆ ಅಂಕಿ ಹಾಕಿ, ದಿನಕ್ಕೊಂದು ಹೊಸ ಲೆಕ್ಕ ತಯಾರು ಮಾಡುತ್ತಿದ್ದೆ. ಪಠ್ಯಪುಸ್ತಕವೂ ಅದರೊಳಗೇ ಇತ್ತು. ಮೊದಲ ದಿನ ಮೊದಲ ಪಾಠದ ಮೊದಲ ಲೆಕ್ಕ ಮುಗಿಯಿತು. ಮೂವತ್ತು ವರ್ಷದ ಅಭ್ಯಾಸ ನೋಡಿ, ಅಂಗೈ ತಾನಾಗಿಯೇ ಎದ್ದು ಪರದೆಯನ್ನು ಗಸಗಸ ಒರೆಸಿಬಿಟ್ಟಿತು. ಮೇಲೆ ಇಲ್ಲದ ಸುಣ್ಣದ ಧೂಳನ್ನು ಉಫ್ ಎಂದು ಊದಿದ್ದೂ ಆಯಿತು. ಹಾಳೆಗಳು ಗಾಳಿಗೆ ಸಿಕ್ಕ ಹತ್ತಿಯ ಹಾಗೆ ಹಾರಿ ಪುಸ್ತಕದ ಕೊನೆಗೆ ಹೋಗಿ ನಿಂತವು.

ಹುಡುಗಿ ನೋಟ್ಸು ಮಡಚಿ ಎದ್ದಳು. "ಬರ್ತೀನ್ರಿ ಸಾರ್. ಸಿಲಬಸ್ ಮುಗೀತು."

ಮೂರು ಗೆರೆ, ಒಂದು ಬಿಂದು

ಆಯುಧಪೂಜೆಯ ದಿನ ನನ್ನಾಕೆ ಹೊಲಿಗೆ ಯಂತ್ರಕ್ಕೆ, ನನ್ನ ಸ್ಕೂಟರಿಗೆ ಪೂಜೆ ಮಾಡಿ ಟ್ಯಾಬಿನ ಕಡೆ ಬಂದಳು. "ಇದೂ ದುಡಿಯೋ ಸಾಮಾನಲ್ಲೇನು?" ಎಂದು ಪರದೆಗೆ ಮೂರು ಬೆರಳಿನ ವಿಭೂತಿ ಎಳೆದು ಕುಂಕುಮದ ಬೊಟ್ಟಿಟ್ಟಳು. ಮರುದಿನ ನಾನು ಕನ್ನಡಕವನ್ನೂ ಹಾಕಿಕೊಳ್ಳದೆ ರೇಖಾಗಣಿತದ ಹಾಳೆ ತೆರೆದು, "ಕಂಡದ್ದನ್ನ ಕಂಡಂಗ ಬರಕೋ" ಎಂದು ಕಾಫಿಗೆ ಒಳಗೆ ಹೋದೆ. ಬಂದು ನೋಡಿದರೆ ನೋಟ್ಸಿನಲ್ಲಿ ಅಡ್ಡಪಟ್ಟಿ ಇಟ್ಟು ಎಳೆದ ಮೂರು ಸಮಾಂತರ ರೇಖೆ, ನಟ್ಟನಡುವೆ ಒಂದು ಬಿಂದು. ಹುಡುಗಿಗೆ ವಿಭೂತಿ ಗೊತ್ತಿಲ್ಲದ್ದೇನಲ್ಲ. ಮುಖ ಮಾತ್ರ ಗಂಭೀರ.

"ಇದರಾಗ ಏನು ಕಂಡುಹಿಡೀಬೇಕ್ರಿ ಸಾರ್?"

ಅಡುಗೆಮನೆಯಿಂದ ಉತ್ತರ ಬಂತು: "ಮೊದಲು ಕೈ ಮುಗಿಯವ್ವ, ಆಮ್ಯಾಲ ಕಂಡುಹಿಡಿ."

ಆ ಕಡೆಯವ

ನಮ್ಮ ಕಡೆ ಕುರಿ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಹಾಕಿ, ಅದರ ಕೆಳಗೆ ಒಬ್ಬರ ಬೆರಳು ಇನ್ನೊಬ್ಬರು ಒತ್ತಿ ವ್ಯವಹಾರ ಮುಗಿಸುತ್ತಾರೆ. ಒಂದು ದಿನ ಅಂಗಳದ ಬಿಸಿಲಿಗೆ ಪರದೆ ಕಾಣಲಿಲ್ಲ. ತಲೆಯ ಮೇಲೆ ಟವೆಲ್ ಎಳೆದುಕೊಂಡು, ಅದರೊಳಗೆ ಒಂದು ಭಿನ್ನರಾಶಿಯನ್ನು ಎರಡು ಬೆರಳಿನಿಂದ ಹಿಗ್ಗಿಸುತ್ತ, ಕುಗ್ಗಿಸುತ್ತ ಕೂತಿದ್ದೆ. ಹೊರಗೆ ತಲೆ ತೆಗೆದರೆ ಹುಡುಗಿಯ ಅಪ್ಪ ಎದುರಿಗೆ ಕುಕ್ಕರಗಾಲಲ್ಲಿ ಉಸಿರು ಬಿಗಿಹಿಡಿದು ಕೂತಿದ್ದಾನೆ.

"ಹೊಂದ್ತೇನ್ರಿ ಸಾರ್?" ಎಂದ ಮೆಲ್ಲಗೆ.

"ಏನು?"

"ವ್ಯಾಪಾರ. ಬೆರಳು ಭಾಳ ಹೊತ್ತು ಆಡಿದವು. ಆ ಕಡೆಯವ ಗಟ್ಟಿ ಅದಾನ ಅನ್ನಿಸ್ತೈತಿ."

ಕೊನೆಯ ಚೌಕಾಸಿ

ಫಲಿತಾಂಶದ ದಿನ ಅಂಕಪಟ್ಟಿ ನನ್ನ ಟ್ಯಾಬಿಗೇ ಬಂತು. ಜಗುಲಿಯ ತುಂಬ ಓಣಿಯ ಜನ. ಹುಡುಗಿ ಕಂಬ ಹಿಡಿದು ನಿಂತಿದ್ದಳು. ನಾನು ಬಾಯಿ ತೆಗೆಯುವಷ್ಟರಲ್ಲಿ ಅವಳಪ್ಪ, "ಹೇಳಬ್ಯಾಡ್ರಿ, ದೃಷ್ಟಿ ಆಗ್ತೈತಿ" ಎಂದು ನನ್ನ ಕೈ, ಟ್ಯಾಬು ಎರಡರ ಮೇಲೂ ಟವೆಲ್ ಹೊದಿಸಿದ. ನಾನೂ ಅದರ ಕೆಳಗೆ ಅವನ ನಾಲ್ಕು ಬೆರಳು ಒತ್ತಿದೆ, ಆಮೇಲೆ ಒಂದು. ನಲವತ್ತೊಂದು.

ಅವನ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ನನ್ನ ಕೈ ಅದುಮಿ ಆರು ಎಂದು ಒತ್ತಿದ.

"ಏನಪ್ಪಾ ಇದು?"

"ಅರವತ್ತು. ದಿನಾ ಇದರಾಗ ಅಂಕಿ ಅಳಿಸಿ ಬರೀತೀರಲ್ಲ ಸಾರ್. ಒಂದೀಟು ತಿದ್ರಿ."

"ಅದು ನನ್ನ ಲೆಕ್ಕ, ಇದು ಸರ್ಕಾರದ್ದು. ತಿದ್ದಾಕ ಬರಂಗಿಲ್ಲ."

ಐದು ಬೆರಳು ಒತ್ತಿದ. "ಐವತ್ತಕ್ಕ ಮುಗಿಸ್ರಿ. ಮನಿ ಮಂದಿ ನಾವು."

ಅಷ್ಟರಲ್ಲಿ ಹುಡುಗಿ ಬಂದು ಟವೆಲ್ ಎಳೆದೊಗೆದು ಪರದೆ ನೋಡಿಯೇಬಿಟ್ಟಳು. "ಅಪ್ಪಾ! ನೀ ಕೇಳಿದ್ದು ಮೂವತ್ತೈದು. ನಲವತ್ತೊಂದು ಐತಿ. ಇನ್ನ ಮಾತು ತಿರುಗಿಸಬ್ಯಾಡ, ನಾ ಕಾಲೇಜಿಗೆ ಹೋಗಾಕಿ."

ಅವನು ಟವೆಲ್ ಎತ್ತಿ ಕೊಡವಿ ತಲೆಗೆ ಸುತ್ತಿಕೊಂಡ. ಈಗ ನಕ್ಕ.

"ಆತವ್ವ, ಹೋಗು" ಎಂದವನು ಮೆಟ್ಟಿಲಿಳಿದು ಮತ್ತೆ ತಿರುಗಿ ಬಂದ. ಟ್ಯಾಬನ್ನು ಒಮ್ಮೆ ಮೆಲ್ಲಗೆ ಸವರಿದ.

"ಸಾರ್, ಹಂಗಾರ ಆರು ಹೆಚ್ಚಿಗಿ ಬಂದಾವ. ಅವನ್ನ ಇದರಾಗ ಹಂಗ ಇಟ್ಟಿರ್ರಿ. ಬರೋ ವರ್ಷ ನಮ್ಮ ಸಣ್ಣಾಕೀದು ಹತ್ತನೇ ಕ್ಲಾಸ್ ಐತಿ."