ಹಸಿ ಬಾಗಿಲಿನ ಮೇಲೆ ಐದು ಬೆರಳು

ಎಲ್ಲ ರಗಳೆಗೂ ಮೂಲ ಆ ಮುಂಬಾಗಿಲು. ಮರುದಿನ ಸಾಲೋಟಗಿಯಿಂದ ಗಂಡಿನ ಕಡೆಯವರು ಸಿದ್ದರಾಯನ ಮಗಳು ಪಲ್ಲವಿಯನ್ನು ನೋಡಲು ಬರುವವರಿದ್ದರು. ಅವನ ಮನೆಯ ಬಾಗಿಲೋ, ಕಜ್ಜಿ ಹತ್ತಿದ ನಾಯಿಯ ಬೆನ್ನಿನ ಹಾಗೆ ಹಳೆ ಬಣ್ಣ ಉದುರಿಸಿಕೊಂಡು ಇಂಡಿ ಪಟ್ಟಣದ ಆ ಓಣಿಗೆಲ್ಲ ಕಾಣುವಂತೆ ನಿಂತಿತ್ತು.

"ಬಂದಾವ್ರು ಮೊದಲ ಬಾಗಲಾ ನೋಡ್ತಾರ, ಆಮ್ಯಾಲ ಹುಡುಗೀನ ನೋಡ್ತಾರ," ಎಂದಳು ಹೆಂಡತಿ ಸುವರ್ಣಾ. "ಪೇಂಟರ್‌ನ ಕರೀರಿ. ಎರಡು ಸಂಬಂಧ ನಿಮ್ಮ ಸಂಶಯದಿಂದನ ಹ್ವಾದವು. ಇದೂ ಹ್ವಾತಂದ್ರ ನಾ ಸುಮ್ನಿರಂಗಿಲ್ಲ, ಹೇಳಿರ್ತೇನಿ."

ಅವಳು ಹೇಳಿದ್ದು ಸುಳ್ಳಲ್ಲ. ಸಿದ್ದರಾಯ ಸಕ್ಕರೆ ಕಾರ್ಖಾನೆಯ ತೂಕದ ಕಟ್ಟೆಯ ಗುಮಾಸ್ತ. ಕಬ್ಬಿನ ಟ್ರ್ಯಾಕ್ಟರ್ ಬಂದರೆ ಅಡಿಯಲ್ಲಿ ಬಗ್ಗಿ, ಯಾರಾದರೂ ಕಲ್ಲು ಕಟ್ಟಿದ್ದಾರೇನು ಎಂದು ನೋಡದೆ ತೂಕ ಬರೆದವನಲ್ಲ. ಅದೇ ಕಣ್ಣಿನಿಂದ ಜಗತ್ತನ್ನೂ ನೋಡುತ್ತಿದ್ದ. ಒಬ್ಬ ಹುಡುಗನ ಅಪ್ಪ ಬಹಳ ನಗುತ್ತಾನೆಂದು ಬಿಟ್ಟ, ಇನ್ನೊಬ್ಬನ ಅಪ್ಪ ನಗುವುದೇ ಇಲ್ಲವೆಂದು ಬಿಟ್ಟ. ಸಾಲೋಟಗಿಯ ಮನೆ ಮಾತ್ರ ಹೇಗೋ ಪಸಂದಾಗಿತ್ತು. ಹೋದ ವಾರ ನಿಂಬೆಹಣ್ಣಿನ ವ್ಯಾಪಾರಿಯೆಂದು ಹೇಳಿಕೊಂಡು ಅಲ್ಲಿಗೆ ಹೋಗಿ, ಪಡಸಾಲೆಯಲ್ಲಿ ಕೂತಿದ್ದ ಮುದುಕಿಯನ್ನು ಮಾತಾಡಿಸಿ, ಕಿಟಕಿ ಎಣಿಸಿ ಬಂದಿದ್ದ.

ಇನ್ನು ಪೇಂಟರ್! ದಿನವಿಡೀ ಬಾಗಿಲಲ್ಲೇ ನಿಲ್ಲುವವನು. ತಿಜೋರಿ ಎಲ್ಲಿದೆ, ಕೀಲಿಕೈ ಯಾವ ಮೊಳೆಗೆ ತೂಗುತ್ತದೆ ಎಂದು ನೋಡದೆ ಬಿಟ್ಟಾನೆಯೇ?

"ನಾನ ಹಚ್ಚತೇನಿ," ಎಂದ ಸಿದ್ದರಾಯ.

ಬಣ್ಣದ ಅಂಗಡಿಯ ಹಾಜಿಮಲಂಗ ಡಬ್ಬಿ ಕೊಡುತ್ತ ಬುದ್ಧಿ ಹೇಳಿದ. "ಬಾಗಲಾ ಇಳಿಸಿ, ಎರಡು ಸ್ಟೂಲಿನ ಮ್ಯಾಲ ಮಲಗಿಸಿ ಹಚ್ಚರಿ ಸಾಹೇಬ್ರ. ನಿಂತ ಬಾಗಲಾಕ ಹಚ್ಚಿದ್ರ ಬಣ್ಣ ಕಣ್ಣೀರಿನಂಗ ಇಳೀತೈತಿ."

"ಬಾಗಲಾ ಇಳಿಸಿದ್ರ ಮನಿಗೆ ಅಡ್ಡ ಏನ್ ಉಳೀತೋ?"

"ಹಂಗಾರ ಒಣಗೂತನಕ ಅರ್ಧ ತೆರದ ಇಡ್ರಿ. ಮುಚ್ಚಿದ್ರ ಚೌಕಟ್ಟಿಗೆ ಅಂಟಿಕೊಂಡು ಬಿಡ್ತದ."

ಇವನಿಗೆ ನಮ್ಮ ಬಾಗಿಲು ತೆರೆದಿರಬೇಕೆಂಬ ಆಸೆ ಯಾಕೋ ಎಂದು ಗುಮಾನಿಪಡುತ್ತಲೇ ಸಿದ್ದರಾಯ ಮನೆಗೆ ಬಂದ. ಪಲ್ಲವಿ ಬಸ್ ಸ್ಟ್ಯಾಂಡಿನ ಹತ್ತಿರದ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು, ಆಗಲೇ ಹೋಗಿದ್ದಳು. ಸಿದ್ದರಾಯ ಬಾಗಿಲಿಗೆ ಇಟ್ಟಂಗಿ ಅಡ್ಡ ಕೊಟ್ಟು ಉಜ್ಜಿದ, ಬಳಿದ. ಬಾಗಿಲಿನ ಜೊತೆಗೆ ಬಿಜಾಗರಿ, ಚಿಲಕ, ಇಟ್ಟಂಗಿ, ಅವನ ಎಡಮೀಸೆ ಎಲ್ಲವೂ ಎಲೆಹಸಿರಾದವು. ಬಣ್ಣ ಹಾಜಿಮಲಂಗ ಹೇಳಿದಂತೆಯೇ ಇಳಿಯಿತು. ಆದರೂ ದೂರದಿಂದ ನೋಡಿದರೆ ಬಾಗಿಲು ಮದುಮಗನಂತೆ ಕಾಣುತ್ತಿತ್ತು. ಸಿದ್ದರಾಯನಿಗೆ ಬಹಳ ಹೆಮ್ಮೆಯಾಯಿತು.

ಹಿತ್ತಿಲಿಗೆ ಹೋಗಿ ಬ್ರಶ್ ಮತ್ತು ಮೀಸೆ ಸೀಮೆಎಣ್ಣೆಯಲ್ಲಿ ತೊಳೆದು ಬಂದು ನೋಡುತ್ತಾನೆ, ಬಾಗಿಲಿನ ನಟ್ಟನಡುವೆ ಅಂಗೈ ಮೂಡಿದೆ! ಐದು ಬೆರಳು, ಬಲಗೈ, ಗಂಡಸಿನದು.

ಒಳಗೆ ಓಡಿದ. ತಿಜೋರಿ ಇತ್ತು, ಕೀಲಿಕೈ ಇತ್ತು, ಅಡುಗೆಮನೆಯಲ್ಲಿ ಸುವರ್ಣಾ ಕೂಡ ಇದ್ದಳು. ಏನೂ ಹೋಗಿರಲಿಲ್ಲ. ಅದರಿಂದ ಸಂಶಯ ಇಮ್ಮಡಿಯಾಯಿತು. ಏನೂ ಕದಿಯದೆ ಹೋದ ಕಳ್ಳ ಎಂಥ ಪಕ್ಕಾ ಕಳ್ಳನಿರಬೇಕು! ಇಂದು ನೋಡಿಕೊಂಡು ಹೋಗಿದ್ದಾನೆ, ನಾಳೆ ಬೀಗರ ಎದುರಿಗೇ ಮರ್ಯಾದೆ ಕಳೆಯುತ್ತಾನೆ.

ಎನಾಮಲ್ ಬಣ್ಣ ಅಷ್ಟು ಸುಲಭವಾಗಿ ಹೋಗುವುದಿಲ್ಲ. ಕಳ್ಳನ ಕೈ ಇನ್ನೂ ಹಸಿರಾಗಿಯೇ ಇರಬೇಕು. ಆದರೆ ಓಣಿಯವರಿಗೆಲ್ಲ 'ಕೈ ತೋರಿಸಿ' ಎಂದರೆ ತೋರಿಸುತ್ತಾರೆಯೇ? ಸಿದ್ದರಾಯ ತಲೆ ಓಡಿಸಿದ. ತಾಟಿನ ತುಂಬ ಸಕ್ಕರೆ ಸುರಿದುಕೊಂಡ.

"ಸಕ್ಕರಿ ಯಾಕ್ರಿ?" ಸುವರ್ಣಾ ಗಾಬರಿಯಾದಳು.

"ಗುಡಿ ಪ್ರಸಾದ ಅಂತ ಹೇಳಿ ಹಂಚತೇನಿ. ಪ್ರಸಾದಕ್ಕ ಎಡಗೈ ಒಡ್ಡೋ ಮನಷ್ಯಾ ಈ ಓಣ್ಯಾಗ ಇಲ್ಲ. ಬಲಗೈ ತಾನ ಮುಂದ ಬರ್ತೈತಿ."

ಮೊದಲ ಅಂಗೈ ಎದುರುಮನೆಯ ಶಂಕ್ರೆವ್ವನ ಗಂಡನದು. ಸುಣ್ಣ, ತಂಬಾಕು. ಎರಡನೆಯದು ಕಂಡಕ್ಟರ್ ಸುಭಾಸನದು, ನೋಟು ಎಣಿಸಿ ಕಪ್ಪಾದದ್ದು. ಸಿದ್ದರಾಯ ಒಂದೊಂದು ಕೈಯನ್ನೂ ಹಿಡಿದು, ಬೆಳಕಿಗೆ ತಿರುಗಿಸಿ, ಉಗುರಿನ ಸಂದಿ ನೋಡಿ, ಆಮೇಲೆ ನಾಲ್ಕು ಹರಳು ಸಕ್ಕರೆ ಉದುರಿಸುತ್ತಿದ್ದ.

ಶಂಕ್ರೆವ್ವನಿಗೆ ತಡೆಯಲಾಗಲಿಲ್ಲ. "ಒಂದ್ ದಿನ ಹಿಡಿ ಉಪ್ಪು ಕೇಳಿದ್ರ ಕೊಟ್ಟಾಂವಲ್ಲ, ಇಂವಾ ಸಕ್ಕರಿ ಹಂಚಾಕತ್ತಾನ! ಗುಡಿ ಪ್ರಸಾದಂತ! ಪಲ್ಲವೀದು ಗಟ್ಟಿ ಆಗೇತಿ ನೋಡವಾ. ಯಾರಿಗೂ ಹೇಳದ ಒಳಗಿಂದೊಳಗ ಮುಗಿಸ್ಯಾನ!"

ಗಟ್ಟಿಯಾದ ಸಂಬಂಧಕ್ಕೆ ಸಕ್ಕರೆ ಹಂಚುವುದು ಊರ ರೂಢಿ. ಹಾಗಾಗಿ ಸಿದ್ದರಾಯ ಓಣಿಯ ತುದಿ ಮುಟ್ಟುವಷ್ಟರಲ್ಲಿ ಸುದ್ದಿ ಅವನನ್ನು ದಾಟಿ ಮುಂದಿನ ಓಣಿಗೆ ಹೋಗಿತ್ತು. ಹಸಿರು ಕೈ ಮಾತ್ರ ಸಿಕ್ಕಿರಲಿಲ್ಲ.

ತುದಿಯ ಬೇವಿನ ಕಟ್ಟೆಯ ಮೇಲೆ ಪರವೂರಿನ ಹಿರಿಯರೊಬ್ಬರು ಕೂತಿದ್ದರು. ತಲೆಗೆ ರುಮಾಲು, ಬಲಗೈಗೆ ಶಲ್ಯ ಸುತ್ತಿತ್ತು. ಸಿದ್ದರಾಯ ತಾಟು ಹಿಡಿದ. ಹಿರಿಯರು ಶಲ್ಯದ ಸೆರಗನ್ನೇ ಒಡ್ಡಿ ಸಕ್ಕರೆ ಹಾಕಿಸಿಕೊಂಡು ಕಣ್ಣಿಗೆ ಒತ್ತಿಕೊಂಡರು.

"ಕೈಗೆ ನಿಂಬೀ ಮುಳ್ಳು ಬಡದೈತ್ರಿ. ಗಾಯದ ಕೈಲೆ ಪ್ರಸಾದ ಮುಟ್ಟಬಾರದು ನೋಡ್ರಿ."

ಎಂಥ ಸಂಸ್ಕಾರ ಎಂದು ಸಿದ್ದರಾಯನ ಕಣ್ಣು ತುಂಬಿ ಬಂತು. ಓಣಿಯಲ್ಲಿ ಇಂಥವರೊಬ್ಬರಿದ್ದರೆ! ಪಕ್ಕದಲ್ಲಿ ಕೂತು ಬಾಗಿಲಿನ ಕತೆಯನ್ನೆಲ್ಲ ಹೇಳಿಕೊಂಡ.

"ಆ ಕಂಡಕ್ಟರ್‌ನ ಮ್ಯಾಲ ಒಂದ್ ಕಣ್ ಇಡ್ರಿ," ಎಂದರು ಹಿರಿಯರು ದನಿ ತಗ್ಗಿಸಿ. "ಸಕ್ಕರಿ ತಿಂದು ಕೈ ಒರಸಿಕೊಂಡ. ಖರೇ ಮನಷ್ಯಾ ಯಾಕ ಒರಸಿಕೊಂತಾನ?"

ಸಿದ್ದರಾಯನಿಗೆ ಜನ್ಮದಲ್ಲಿ ಮೊದಲ ಬಾರಿ ತನ್ನ ಜಾಯಮಾನದ ಒಬ್ಬ ಸಿಕ್ಕಿದ್ದ. "ಬರ್ರಿ, ಮನಿಗೆ ಹೋಗಿ ಚಾ ಕುಡಿಯೂಣು," ಎಂದು ಕರೆದೊಯ್ದ.

ಮನೆಯ ಮುಂದೆ ಜಾತ್ರೆ ಸೇರಿತ್ತು. ಶುಭ ಹೇಳಲು ಬಂದ ಹೆಂಗಸರು ಬಾಗಿಲು ದೂಡಿ ಒಳಗೆ ಹೋಗಿದ್ದರು, ಗಂಡಸರು ಬಾಗಿಲಿಗೆ ಆತು ನಿಂತಿದ್ದರು. ಸುಭಾಸನ ಖಾಕಿ ಬೆನ್ನು ಅರ್ಧ ಹಸಿರಾಗಿತ್ತು. ಬಾಗಿಲ ತುಂಬ ದೊಡ್ಡ ಕೈ, ಸಣ್ಣ ಕೈ, ಬಳೆ ಒತ್ತಿದ ಗುರುತು. ಓಣಿಯೆಲ್ಲ ಬಂದು ಹಾಜರಿ ಹಾಕಿ ಹೋದಂತಿತ್ತು. ಈಗ ಪ್ರತಿಯೊಬ್ಬರ ಕೈಯೂ ಹಸಿರು. ಕಳ್ಳನನ್ನು ಹುಡುಕುವುದು ಹೇಗೆ?

"ಇನ್ನೂ ಗಟ್ಟಿ ಆಗಿಲ್ರವಾ! ನಾಳೆ ನೋಡಾಕ ಬರಾವ್ರದಾರ, ಅಷ್ಟ!" ಸುವರ್ಣಾ ಗಂಟಲು ಹರಿದುಕೊಳ್ಳುತ್ತಿದ್ದಳು.

"ಸಕ್ಕರಿ ತಿನಿಸಿ ಈಗ ಇಲ್ಲಂದ್ರ ಹೆಂಗವಾ?" ಎಂದಳು ಶಂಕ್ರೆವ್ವ. "ಮುಚ್ಚಿಡೂದು ಬ್ಯಾಡ."

ಮಂದಿಯನ್ನು ಹೇಗೋ ಸಾಗಹಾಕುವ ಹೊತ್ತಿಗೆ ಬಿಸಿಲು ಇಳಿದಿತ್ತು. ಸುವರ್ಣಾ ಮುಖ ಊದಿಸಿಕೊಂಡು ಮನೆಯ ಮುಂದಿನ ಕಟ್ಟೆಗೆ ಚಹಾ ತಂದಳು. ಚಹಾ ಸುರಿದ ಬಸಿ ಸುಡುತ್ತಿತ್ತು. ಹಿರಿಯರು ಎರಡೂ ಕೈ ಕೊಟ್ಟರು. ಶಲ್ಯ ಜಾರಿತು.

ಬಲ ಅಂಗೈ ಎಲೆಹಸಿರು. ಬಣ್ಣ ಒಣಗಿತ್ತು. ಮಂದಿ ಸೇರಿದಾಗ ಇವರು ಬಾಗಿಲ ಹತ್ತಿರ ಹೋಗಿರಲೇ ಇಲ್ಲ; ಹಾಗಾದರೆ ಮೊದಲ ಕೈ ಇವರದೇ.

"ನೀವಾ!" ಸಿದ್ದರಾಯ ಎದ್ದು ನಿಂತ. "ಪ್ರಸಾದ ಕಣ್ಣಿಗೆ ಒತ್ತಿಕೊಂಡ್ರಲ್ರೀ! ಯಾರ್ ನೀವು?"

ಹಿರಿಯರು ಬಸಿ ಕೆಳಗಿಟ್ಟು, ಮೀಸೆ ಒರೆಸಿಕೊಂಡು ಹೇಳಿದರು. "ಸಾಲೋಟಗಿ ಬಸಂತರಾಯ. ನಾಳೆ ಬರಬೇಕಾದಾವ. ಹುಡುಗನ ಅಪ್ಪ."

ಎದ್ದಿದ್ದ ಸಿದ್ದರಾಯ ಮತ್ತೆ ಕಟ್ಟೆಯ ಮೇಲೆ ಕೂತ.

"ನಾಳೆ ಬಂದ್ರ ನೀವು ತೋರಿಸಿದ್ದಷ್ಟ ನೋಡಬೇಕಾಗ್ತದ. ಅದಕ್ಕ ಹೇಳದ ಕೇಳದ ಇವತ್ತ ಬಂದ್ನಿ. ಒಳಗ ಹಣಿಕಿ ಹಾಕಾಕ ಬಾಗಲಾಕ ಕೈ ಊರಿದ್ನಿ, ಹಸಿ ಇತ್ತು. ಯಾಕ್ರಿ, ಹೋದ ವಾರ ನಿಂಬೀ ವ್ಯಾಪಾರಿ ಆಗಿ ನಮ್ಮನಿಗೆ ಬಂದಾವ್ರು ನೀವಲ್ಲೇನು? ಒಂದ ಹಣ್ಣೂ ಮೂಸಲಿಲ್ಲ, ಕಿಟಕಿ ಎಣಿಸಿದ್ರಿ. ನಾ ಮೂರನೇ ಕಿಟಕಿ ಹಿಂದ ನಿಂತಿದ್ನಿ."

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಸಿದ್ದರಾಯ ಮೊದಲು ನಕ್ಕ. ಬಸಂತರಾಯರೂ ನಕ್ಕರು. ಕೈ ಕೈ ಹಿಡಿದುಕೊಂಡರು. ಇಂಥ ಬೀಗರು ದೀಪ ಹಚ್ಚಿ ಹುಡುಕಿದರೂ ಸಿಗಲಾರರೆಂದು ಇಬ್ಬರಿಗೂ ಅನಿಸಿತು.

"ನನ್ನ ಮಗಾ ಅನೀಲಕುಮಾರಾನೂ ಥೇಟ್ ನನ್ನಂಗ," ಎಂದರು ಬಸಂತರಾಯರು. "ಮನ್ಯಾಗ ಯಾರ ಫೋನಿನ್ಯಾಗ ಮಾತಾಡಿದ್ರೂ, ಆ ಕಡೆ ಯಾರು ಅಂತ ಕೇಳದ ಬಿಡೂದಿಲ್ಲ. ನಾಳೆ ಯಾಕ್ರಿ, ಗಟ್ಟಿ ಆತು ಅಂತ ತಿಳ್ಕೋರಿ. ಸಕ್ಕರೀನೂ ಹಂಚಿ ಆಗೇತಿ!"

ಸಿದ್ದರಾಯನ ಎದೆಯ ಮೇಲಿನ ಕಲ್ಲು ಇಳಿಯಿತು. ಸಂಶಯ ಪಡುತ್ತಾನೆಂದು ಬೈಯುವ ಸುವರ್ಣಾಳ ಮುಖವನ್ನು ಗೆದ್ದವನಂತೆ ನೋಡಿದ.

ಕಟ್ಟೆಯ ಪಕ್ಕದಲ್ಲಿ ಪಲ್ಲವಿ ನಿಂತಿದ್ದಳು. ಲ್ಯಾಬಿನಿಂದ ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಬಸಂತರಾಯರ ಕಾಲು ಮುಟ್ಟಿ ನಮಸ್ಕಾರ ಮಾಡಿ, ತಂದೆಯ ಕಡೆ ತಿರುಗಿದಳು.

"ಅಪ್ಪಾ, ಕಾಲೇಜಿಗೆ ಹೋದ್ರ ಬಸ್ಸಿನ ಹಿಂದ ಸ್ಕೂಟರ್ ತಗೊಂಡು ಬರ್ತಿದ್ದಿ. ಗೆಳತ್ಯಾರು ಮನಿಗೆ ಬಂದ್ರ ಅವರ ಚಪ್ಪಲಿ ಎಣಸ್ತಿದ್ದಿ. ನನಗ ಎಷ್ಟು ನಾಚಿಕಿ ಆಗ್ತಿತ್ತು ಗೊತ್ತೈತಿ? ನೀ ಅಪ್ಪಾ ಅಂತ ತಾಳಿಕೊಂಡ್ನಿ. ಇಂಥಾ ಒಬ್ಬರ ಮನಿ ಬಿಟ್ಟು ಇಂಥಾ ಇಬ್ಬರ ಮನಿಗೆ ಹೋಗ್ಲೇನು? ನಾ ಒಲ್ಲೆ. ನಾಳೆ ಅವರಿಗೆ ಬರೂದು ಬ್ಯಾಡ ಅಂತ ಹೇಳು."

ಪಲ್ಲವಿಯ ದನಿಯಲ್ಲಿ ಅಳುವೂ ಇರಲಿಲ್ಲ, ಸಿಟ್ಟೂ ಇರಲಿಲ್ಲ. ಬಾಗಿಲಿಗೆ ಕೈ ತಾಗದಂತೆ ಮೈ ಓರೆ ಮಾಡಿ ಒಳಗೆ ಹೋದಳು. ಆ ದಿನ ಬಾಗಿಲು ಮುಟ್ಟದೆ ದಾಟಿದವಳು ಅವಳೊಬ್ಬಳೇ. ಸುವರ್ಣಾ ಖಾಲಿ ತಾಟನ್ನು ಗಂಡನ ಕೈಗೆ ಕೊಟ್ಟು ಮಗಳ ಹಿಂದೆಯೇ ನಡೆದಳು.

ಬಸಂತರಾಯರು ಎದ್ದು ನಿಂತರು. ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡು, ಸಿದ್ದರಾಯನ ಕಿವಿಯ ಹತ್ತಿರ ಬಗ್ಗಿದರು.

"ಬ್ಯಾಸರ ಮಾಡ್ಕೋಬ್ಯಾಡ್ರಿ. ಹುಡುಗನ್ನ ನೋಡದನ ಬ್ಯಾಡ ಅಂದ್ಳು. ನಿಮ್ಮ ಮಗಳು ಬಾಳ ಸಂಶಯದಾಕಿ ಅದಾಳ."

"ನನಗೂ ಅದ ತಿಳೀವಲ್ದು ನೋಡ್ರಿ," ಎಂದ ಸಿದ್ದರಾಯ ನಿಟ್ಟುಸಿರು ಬಿಟ್ಟು. "ಈ ಗುಣ ಆಕಿಗೆ ಎಲ್ಲಿಂದ ಬಂತೋ!"

ಬಸಂತರಾಯರು ಬಸ್ಸಿಗೆ ಹೊರಟರು. ಎದುರಿನ ಕಟ್ಟೆಯಿಂದ ಶಂಕ್ರೆವ್ವ ಕೂಗಿದಳು, "ಏ ಸಿದ್ದರಾಯಾ, ಬೀಗರು ಇಷ್ಟ ಲಗೂನ ಯಾಕ ಹೊಂಟರೋ? ಲಗ್ನ ಯಾವಾಗೋ?"

ಸಿದ್ದರಾಯ ಕಟ್ಟೆಯಿಂದ ಎದ್ದ. ಖಾಲಿ ತಾಟು ಹಿಡಿದುಕೊಂಡೇ ಹಿಂದೆ ಸರಿದು, ಸೋತವನಂತೆ ಬಾಗಿಲಿಗೆ ಒರಗಿದ. ಬಾಗಿಲು ಇನ್ನೂ ಹಸಿಯಿತ್ತು.