ಬಸ್ಸು ಬಿಟ್ಟು ಮನೆಯಲ್ಲೇ ಕುಳಿತ ಮೂರು ತಿಂಗಳು

ಆಫೀಸಿನ ಕೆಲಸವನ್ನು ಮನೆಗೆ ತಂದುಕೊಂಡವರ ಮನೆಯಲ್ಲಿ ವಾರಕ್ಕೊಂದಾದರೂ ಫಜೀತಿ ಆಗಿಯೇ ಆಗುತ್ತದೆ. ನಮ್ಮಲ್ಲಿ ವಾರಕ್ಕೆ ಎರಡು ಆಗುತ್ತಿದ್ದವು. ನಾನು ಇಲ್ಲಿಯವರೆಗೆ ಬರೆದದ್ದೆಲ್ಲ ಬರೀ ಸುತ್ತೋಲೆ, ಜ್ಞಾಪನ. ಹೀಗೆ ಬರೆಯುತ್ತಿರುವುದು ಇದೇ ಮೊದಲು. ಏನಾದರೂ ಬಿಟ್ಟುಹೋದೀತೆಂಬ ಹೆದರಿಕೆಗೆ ಎಲ್ಲವನ್ನೂ ಮೊದಲಿನಿಂದ ಹೇಳಿಬಿಡುತ್ತೇನೆ.

ನಮ್ಮ ಮನೆ ಹೊಸಪೇಟೆಯಲ್ಲಿ. ನನ್ನ ಕೆಲಸ ಯಶವಂತನಗರದ ಹತ್ತಿರದ ಒಂದು ಗಣಿ ಕಂಪನಿಯಲ್ಲಿ. ಗಣಿ ಎಂದ ಕೂಡಲೇ ನಾನು ಅದಿರು ಅಗೆಯುತ್ತೇನೆ ಎಂದುಕೊಳ್ಳಬೇಡಿ. ನಾನು ಸಿಬ್ಬಂದಿ ವಿಭಾಗದ ಗುಮಾಸ್ತೆ. ಕಂಪ್ಯೂಟರ್ ಮುಂದೆ ಕುಳಿತು ರಜೆ, ಹಾಜರಿ ನೋಡುವುದು. ಕಂಪನಿ ಬಸ್ಸು ಬೆಳಿಗ್ಗೆ ಆರೂವರೆಗೆ ಹತ್ತಿಸಿಕೊಂಡರೆ ಸಂಜೆ ಆರೂವರೆಗೆ ಇಳಿಸುತ್ತಿತ್ತು. ನನ್ನ ಹೆರಿಗೆ ರಜೆ ಮುಗಿದಾಗ ಈ ಹನ್ನೆರಡು ಗಂಟೆಯೇ ಬೆಟ್ಟವಾಯಿತು. ಐದು ತಿಂಗಳ ಮಗಳು ಬಾಟಲಿ ಕಂಡರೆ ಮುಖ ತಿರುಗಿಸುತ್ತಿದ್ದಳು.

ರಜೆ ಮುಗಿದ ಮೇಲೂ ಮನೆಯಿಂದ ಕೆಲಸ ಮಾಡಬಹುದು ಎಂದು ಕಾನೂನಿನಲ್ಲೇ ಇದೆ. ಆದರೆ ಕೆಲಸ ಅಂಥದ್ದಾಗಿರಬೇಕು, ಕಂಪನಿಯೂ ಒಪ್ಪಬೇಕು. ನಮ್ಮ ಕಂಪನಿ ಅರ್ಧ ಒಪ್ಪಿತು. ಮನೆಯಲ್ಲಿ ತೊಂದರೆ ಇರುವ ನಾಲ್ಕು ಜನ ಗುಮಾಸ್ತರಿಗೆ ಮೂರು ತಿಂಗಳ ಪ್ರಯೋಗ. ಆಮೇಲೆ ಪರಿಶೀಲನೆ. ಅದರಲ್ಲಿ ಬಿದ್ದರೆ ಮತ್ತೆ ಬಸ್ಸು. ಬಸ್ಸೆಂದರೆ ನಾನು ರಾಜೀನಾಮೆ ಕೊಡಬೇಕು, ಅಷ್ಟೇ.

ಬಂಡ್ರಿಯಿಂದ ಬಂದ ಹೆಂಗಸು

ಈ ಪ್ರಯೋಗದ ಸುತ್ತೋಲೆಯನ್ನು ನೋಟೀಸ್ ಬೋರ್ಡಿಗೆ ಅಂಟಿಸಿದವಳೂ ನಾನೇ. ಮರುದಿನವೇ ಬಂಡ್ರಿಯಿಂದ ಒಬ್ಬ ಹೆಂಗಸು ಟಂಟಂ ಆಟೋ ಹಿಡಿದು ಕಚೇರಿಗೆ ಬಂದಳು. ಗಂಡ ನಮ್ಮಲ್ಲಿ ಡ್ರಿಲ್ ಆಪರೇಟರ್. ಅಂದರೆ ಸ್ಫೋಟಕ್ಕೆ ಮೊದಲು ಬಂಡೆಗೆ ಆಳವಾಗಿ ತೂತು ಕೊರೆಯುವವನು.

"ಅಕ್ಕಾರ, ಮನ್ಯಾಗ ಕುಂತು ಕೆಲಸ ಮಾಡೋ ಕಾಗದದಾಗ ನಮ್ಮನಿಯವ್ರ ಹೆಸರು ಐತೇನ್ರಿ?"

ನನಗೆ ಪಾಪ ಅನ್ನಿಸಿತು. ಕೂಡಿಸಿ, ನೀರು ಕೊಟ್ಟು, ಇದು ಕಂಪ್ಯೂಟರ್ ಕೆಲಸದವರಿಗೆ ಮಾತ್ರ ಎಂದು ಬಿಡಿಸಿ ಹೇಳಿದೆ. ಆಕೆ ಎರಡೂ ಕೈ ಮುಗಿದಳು.

"ನಿಮ್ಮ ಹೊಟ್ಟಿ ತಣ್ಣಗಿರಲ್ರಿ! ಹಬ್ಬಕ್ಕ ಎರಡ ದಿನ ಮನ್ಯಾಗಿದ್ರು. ಗೂಟ ಹೊಡೀತೀನಿ, ಫೋಟೋ ಹಾಕ್ತೀನಿ ಅಂತ ನಾಕೂ ಗ್ವಾಡಿಗೆ ತೂತು ಹೊಡದಾರ. ದಿನಾ ಇದ್ರ ಮನಿ ಉಳೀತೈತೇನ್ರಿ?"

ಬಸ್ಸೇ ಮನೆಗೆ ಬಂತು

ನಮ್ಮ ವಿಭಾಗದ ಸಾಹೇಬರು ಹಳೆ ಕಾಲದವರು. ಹಾಜರಿ ಪುಸ್ತಕ ಬಿಟ್ಟರೆ ಯಾವ ಯಂತ್ರವನ್ನೂ ನಂಬುತ್ತಿರಲಿಲ್ಲ. "ಪುಸ್ತಕದಾಗ ಸಹಿ ಇಲ್ಲಂದ್ರ ಕೆಲಸಕ್ಕ ಬಂದಂಗ ಅಲ್ಲಮ್ಮ" ಎಂದರು. "ಮನೆಯಲ್ಲಿದ್ದರೆ ಬಂದಂತೆ ಹೇಗೂ ಅಲ್ಲವಲ್ಲ ಸರ್" ಎಂದೆ. ಅವರು ಪುಸ್ತಕವನ್ನು ಬಸ್ ಡ್ರೈವರ್ ಕೈಗೆ ಕೊಟ್ಟರು.

ಹೀಗಾಗಿ ದಿನಾ ಬೆಳಿಗ್ಗೆ ಅಷ್ಟುದ್ದದ ಬಸ್ಸು ನನ್ನೊಬ್ಬಳ ಸಹಿಗಾಗಿ ನಮ್ಮ ಓಣಿಯ ಬಾಯಿಗೆ ಬಂದು ಹಾರನ್ ಹೊಡೆಯುತ್ತಿತ್ತು. ನಾನು ಒಂದು ಕೈಯಲ್ಲಿ ಕೂಸು ಹಿಡಿದುಕೊಂಡು ಓಡುತ್ತಿದ್ದೆ. ಕಿಟಕಿಗಳಿಂದ ಪರಿಚಯದ ಮುಖಗಳೆಲ್ಲ ಕೂಸನ್ನು ಮಾತಾಡಿಸುತ್ತಿದ್ದವು. ಮೂರನೆಯ ಸಾಲಿನ ನನ್ನ ಸೀಟು ಖಾಲಿ ಇರುತ್ತಿತ್ತು. ಸಂಡೂರಿನ ಗುಡ್ಡ ಬರುವವರೆಗೆ ಆ ಸೀಟಿನಲ್ಲಿ ಎಷ್ಟು ನಿದ್ದೆ, ಎಷ್ಟು ಹರಟೆ, ಯಾರ್‍ಯಾರದೋ ಡಬ್ಬಿಯ ಎಷ್ಟು ಉಪ್ಪಿಟ್ಟು! ಇಂದಿಗೂ ಆ ಹಾರನ್ ಕೇಳಿದರೆ ಕಾಲು ತಾನಾಗಿ ಚಪ್ಪಲಿ ಹುಡುಕುತ್ತದೆ.

ಒಂದು ದಿನ ಡ್ರೈವರ್ ತಡೆಯಲಾರದೆ ಕೇಳಿಯೇಬಿಟ್ಟ: "ಅಕ್ಕಾರ, ಜಲ್ದಿ ಎದ್ದೀರಿ, ಸಹಿ ಮಾಡೀರಿ, ಬಸ್ಸೂ ಬಂದೈತಿ, ಸೀಟೂ ಐತಿ. ಇಷ್ಟ ಆದಮ್ಯಾಲ ಕೆಲಸಕ್ಕ ಬರಾಕ ಏನ್ ಅಡ್ಡಿರಿ?"

ಏಳು ಗಂಟೆಯ ಫೋನು

ಅದೇ ಸುತ್ತೋಲೆಯಲ್ಲಿ ಇನ್ನೊಂದು ನಿಯಮವಿತ್ತು. ಸಂಜೆ ಆರರ ನಂತರ ಸಿಬ್ಬಂದಿಗೆ ಯಾರೂ ಕೆಲಸದ ಫೋನ್ ಮಾಡಕೂಡದು. ಮಾಡಿಲ್ಲ ಎಂದು ದಿನಾ ಒಂದು ನಮೂನೆಯಲ್ಲಿ ತುಂಬಿ ಕಳಿಸಬೇಕು. ತುಂಬುವ ಹೊಣೆ ನಮ್ಮ ಸಾಹೇಬರದು.

ಸರಿಯಾಗಿ ಏಳಕ್ಕೆ ಫೋನ್ ಬರುತ್ತಿತ್ತು. "ಏನಮ್ಮ, ಆರಾದ ಮ್ಯಾಲ ಯಾರಾರ ಫೋನ್ ಮಾಡಿದ್ರೇನು?"

"ಇಲ್ಲ ಸರ್."

"ಭಾಳ ಚಲೋ. ಹಂಗ ಬರ್ಕೊಂತೀನಿ."

ಹದಿನೈದು ದಿನ ಸುಮ್ಮನಿದ್ದು, ಕೊನೆಗೆ ಧೈರ್ಯ ಮಾಡಿ ಹೇಳಿದೆ: "ಸರ್, ನೀವು ಮಾಡ್ತಿದ್ದೀರಲ್ಲ."

ಅವರು ಫೋನ್ ಇಟ್ಟರು. ಬಹಳ ನೊಂದುಕೊಂಡರೋ ಏನೋ. ಮರುದಿನದಿಂದ ಏಳಕ್ಕೆ ಅವರ ಫೋನ್ ಬರಲಿಲ್ಲ. ಅವರ ಹೆಂಡತಿಯದು ಬಂತು: "ನಮ್ಮನಿಯವರು ಕೇಳು ಅಂದ್ರಮ್ಮ, ಆರಾದ ಮ್ಯಾಲ ಯಾರಾರ ಫೋನ್ ಮಾಡಿದ್ರಂತೇನು?"

ಈಗ ಸಾಹೇಬರು ನಿವೃತ್ತರು. ಏಳಾದರೆ ನನ್ನ ಫೋನ್ ಸುಮ್ಮನಿರುತ್ತದೆ, ನನಗೇ ಏನೋ ಬಿಕೋ ಅನ್ನಿಸುತ್ತದೆ. ನಾನೇ ಮಾಡಿ ಕೇಳೋಣವೆಂದರೆ, ನಿಯಮವಿದೆ.

ಪರಿಶೀಲನೆಯ ದಿನ

ಮೂರು ತಿಂಗಳು ಮುಗಿಯಿತು. ಕೇಂದ್ರ ಕಚೇರಿಯ ಮೇಡಂ ಒಬ್ಬರು ವಿಡಿಯೋ ಕಾಲ್‌ನಲ್ಲಿ ಒಬ್ಬೊಬ್ಬರನ್ನೇ ವಿಚಾರಿಸಿದರು. ಮನೆಯಲ್ಲಿರುವವರು ಮನೆಕೆಲಸವನ್ನೇ ಮಾಡುತ್ತಾರೆ ಎಂಬುದು ಅವರ ಗುಮಾನಿ. ನನಗಿಂತ ಮೊದಲು ಮಾತಾಡಿದ ಮೂವರಲ್ಲಿ ಇಬ್ಬರು ಆಗಲೇ ಬಸ್ಸಿನ ಪಾಲಾಗಿದ್ದರು. ಒಬ್ಬರ ಮನೆಯಲ್ಲಿ ಕುಕ್ಕರ್ ಕೂಗಿತ್ತು. ಇನ್ನೊಬ್ಬರ ಹೆಗಲ ಮೇಲೆ ಟವೆಲ್ ಇತ್ತು.

ನಾನು ಅಂದು ಒಲೆಯನ್ನೇ ಹಚ್ಚಗೊಡಲಿಲ್ಲ. ಕೂಸಿಗೆ ಹಾಲು ಕುಡಿಸಿ ಮಲಗಿಸಿದೆ. ನಮ್ಮ ಅತ್ತೆಗೆ, ಅವರು ಕಂಪ್ಲಿ ಕಡೆಯವರು, "ಮೇಡಂ ನೋಡ್ತಿರ್ತಾರ, ಕ್ವಾಣಿ ಒಳಗ ಬರಬ್ಯಾಡ್ರಿ ಅತ್ತಿ" ಎಂದು ಎರಡು ಸಲ ಹೇಳಿದೆ.

ಮಾತು ಇನ್ನೂ ಅರ್ಧದಲ್ಲಿತ್ತು. ಬಾಗಿಲು ತೆರೆಯಿತು. ಅತ್ತೆ ಅಂಗಡಿಯಿಂದ ತರಿಸಿದ ಒಂದು ತಟ್ಟೆ ಮಂಡಾಳು ಒಗ್ಗರಣೆ, ಅಂದರೆ ಮಂಡಕ್ಕಿ ಒಗ್ಗರಣೆ, ಎರಡು ಬಿಸಿ ಮಿರ್ಚಿ ಬಜ್ಜಿ ತಂದು ಲ್ಯಾಪ್‌ಟಾಪಿನ ಮುಂದಿಟ್ಟರು.

"ಮನಿಗೆ ಬಂದೋರನ್ನ ಹಂಗ ಖಾಲಿ ಕುಂದ್ರಸ್ತಾರೇನ? ತಗೋರಿ ಮೇಡಂ, ಆರ್‍ತಾವ."

ನಾನು ತಟ್ಟೆಯನ್ನು ಪಕ್ಕಕ್ಕೆ ಎಳೆದುಕೊಂಡೆ. ಮೇಡಂ ಮುಖ ಬಿಗಿಯಾಯಿತು. "ಅಮ್ಮ, ನೀವು ಬಂದದ್ದು ಒಳ್ಳೆಯದೇ ಆಯಿತು. ನಿಜ ಹೇಳಿ, ನಿಮ್ಮ ಸೊಸೆ ಇಡೀ ದಿನ ಮನೆಯಲ್ಲಿ ಏನು ಮಾಡುತ್ತಾರೆ?"

ಅತ್ತೆ ಮೂರು ತಿಂಗಳಿಂದ ಇಂಥವರಿಗಾಗಿಯೇ ಕಾದಿದ್ದರೆಂದು ಕಾಣುತ್ತದೆ. ಸೆರಗು ಸರಿ ಮಾಡಿಕೊಂಡು ಕುಳಿತೇಬಿಟ್ಟರು.

"ಏನ್ ಹೇಳ್ಲಿರಿ ಮೇಡಂ! ಒಂದ್ ಕಸ ಹೊಡದಿಲ್ಲ, ಒಂದ್ ರೊಟ್ಟಿ ಬಡದಿಲ್ಲ. ಕೂಸಿಗೆ ಹಾಲು ಕುಡಿಸಿದ್ಲು, ಮತ್ತ ಬಾಗ್ಲ ಹಾಕ್ಕೊಂಡ್ಲು. ಕರದ್ರ 'ಕೆಲಸ ಐತಿ ಅತ್ತಿ' ಅಂತಾಳ. ಮುಂಜಾನಿಂದ ಸಂಜಿತನ ಆ ಡಬ್ಬಿ ಮುಂದ ಟಕಟಕ, ಟಕಟಕ. ಮನಿಗೆ ಇದ್ರೂ ಒಂದ, ಇಲ್ದಿದ್ರೂ ಒಂದ. ನೀವು ದೊಡ್ಡೋರು, ನೀವಾರ ಸ್ವಲ್ಪ ಬೈರಿ!"

ಮೇಡಂ ತಲೆ ಬಗ್ಗಿಸಿ ಬಹಳ ಹೊತ್ತು ಏನೋ ಬರೆದುಕೊಂಡರು. ಅವರ ಭುಜ ಅಲುಗುತ್ತಿದ್ದುದು ಮಾತ್ರ ನನಗೆ ಕಾಣುತ್ತಿತ್ತು.

ಮುಂದಿನ ವಾರ ಆದೇಶ ಬಂತು. ನಾನು ಓದುತ್ತಿದ್ದಂತೆ ಅತ್ತೆ ಬಾಗಿಲಲ್ಲಿ ನಿಂತು ಮೆಲ್ಲಗೆ ಕೇಳಿದರು: "ನಾ ಅಂದದ್ದಕ್ಕ ಏನಾರ ಶಿಕ್ಷಾ ಕೊಟ್ರೇನ?"

"ಹೂಂ ಅತ್ತಿ. ಇನ್ನೂ ಒಂದ್ ವರ್ಷ ಮನ್ಯಾಗ ಇರಬೇಕಂತ."

"ಮತ್ತ? ಹಂಗ ಆಗಬೇಕು ನಿನಗ!" ಎಂದರು ಅತ್ತೆ.